ಹೊರಹಾಕಿದರೋ, ಎಬ್ಬಿಸಿದರೋ, ತೆರವು ಮಾಡಿದರೋ? ಬರೆಯುವವರಿಗೊಂದು ಹೋಲಿಕೆ

ಘಟನೆ ಒಂದೇ, ವಾಕ್ಯ ಐದು. ಸಂತೆ ರಸ್ತೆಯಿಂದ ಕಾಯಿಪಲ್ಲೆ ಮಾರುವವರನ್ನು ಓಡಿಸಿದರು. ಎಬ್ಬಿಸಿದರು. ಹೊರಹಾಕಿದರು. ಸ್ಥಳಾಂತರಿಸಿದರು. ಸಂತೆ ರಸ್ತೆಯನ್ನು ತೆರವುಗೊಳಿಸಲಾಯಿತು. ವ್ಯಾಕರಣದ ಲೆಕ್ಕದಲ್ಲಿ ಐದೂ ಸರಿ. ಓದುವವರ ಕಣ್ಣಮುಂದೆ ಬರುವ ಚಿತ್ರ ಮಾತ್ರ ಬೇರೆ ಬೇರೆ. ಓಡಿಸಿದರು ಎಂದರೆ ಲಾಠಿ ಕಾಣುತ್ತದೆ. ಎಬ್ಬಿಸಿದರು ಎಂದರೆ ಗೋಣಿತಾಟು ಹಾಸಿ ಕೂತ ಹೆಣ್ಣುಮಕ್ಕಳು ಕಾಣುತ್ತಾರೆ. ಸ್ಥಳಾಂತರಿಸಿದರು ಎಂದರೆ, ಸರಿ ಬಿಡು, ಬೇರೆ ಜಾಗ ಕೊಟ್ಟಿದ್ದಾರೆ ಅನ್ನಿಸುತ್ತದೆ. ಕೊನೆಯ ವಾಕ್ಯದಲ್ಲಿ ಮನುಷ್ಯರೇ ಇಲ್ಲ, ಬರೀ ರಸ್ತೆ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ತಾಲ್ಲೂಕುಗಳಿಂದ ಬರುವ ವರದಿ, ಮನವಿಪತ್ರ, ಪ್ರಕಟಣೆಗಳನ್ನು ತಿದ್ದುವುದು ನನ್ನ ಕೆಲಸ. ಬಲವಂತದಿಂದ ಹೊರಗೆ ಕಳಿಸುವ ಕ್ರಿಯೆಗೆ ನಮ್ಮ ಭಾಷೆಯಲ್ಲಿ ಪದಗಳ ಬರ ಇಲ್ಲ. ಯಾವುದನ್ನು ಎಲ್ಲಿ ಬಳಸಬೇಕು ಎಂಬಲ್ಲಿಯೇ ಎಲ್ಲರೂ ಎಡವುತ್ತಾರೆ. ನಿಘಂಟು ತೆಗೆದರೆ ಹೊರಹಾಕು ಎಂಬುದಕ್ಕೆ ಹೊರದೂಡು, ಹೊರದೂಡು ಎಂಬುದಕ್ಕೆ ಹೊರಹಾಕು ಎಂದು ಕೊಟ್ಟು ಕೈತೊಳೆದುಕೊಂಡಿರುತ್ತದೆ. ಪದ ಆರಿಸುವ ಮುಂಚೆ ನಾನು ನೋಡುವುದು ಎರಡೇ ಸಂಗತಿ. ಕ್ರಿಯೆಗೆ ಗುರಿಯಾದದ್ದು ಮನುಷ್ಯನೋ, ಜಾಗವೋ? ಹೋದವನಿಗೆ ಮರಳಿ ಬರುವ ದಾರಿ ಇದೆಯೋ, ಇಲ್ಲವೋ? ಮುಂದಿನದೆಲ್ಲ ಈ ಎರಡು ಪ್ರಶ್ನೆಗಳ ವಿಸ್ತಾರ.

ತೆರವು ಜಾಗಕ್ಕೆ, ಎಬ್ಬಿಸುವುದು ಜನರನ್ನು

ತೆರವು ಎಂದರೆ ಖಾಲಿ, ಬಯಲು. ಅದರಲ್ಲಿ ಬಲವಂತ ಇರಲೇಬೇಕು ಅಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸುರೇಶ ಅಂಗಡಿಯವರು ತೀರಿಕೊಂಡಾಗ ಬೆಳಗಾವಿ ಲೋಕಸಭಾ ಸ್ಥಾನ ತೆರವಾಯಿತು, 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ ನಡೆಯಿತು. ಅಲ್ಲಿ ಯಾರೂ ಯಾರನ್ನೂ ದಬ್ಬಿರಲಿಲ್ಲ; ಕುರ್ಚಿ ಖಾಲಿಯಾಗಿತ್ತು, ಅಷ್ಟೆ. ಹಾಗಾಗಿ ತೆರವುಗೊಳಿಸು ಎಂಬುದಕ್ಕೆ ಸರಿಯಾದ ಕರ್ಮಪದ ರಸ್ತೆ, ಪುಟ್‌ಪಾತ್, ಗೋಮಾಳ, ರಾಜಕಾಲುವೆ, ಶೆಡ್ಡು. "ಅತಿಕ್ರಮಣ ತೆರವು" ಸರಿ. "ಅತಿಕ್ರಮಣಕಾರರ ತೆರವು" ತಪ್ಪು. "ಬೀದಿಬದಿ ವ್ಯಾಪಾರಿಗಳ ತೆರವು" ಇನ್ನೂ ತಪ್ಪು, ಯಾಕೆಂದರೆ ಅದು ಬಾಳೆಹಣ್ಣಿನ ಗಾಡಿಯವನನ್ನೂ ಕಿತ್ತುಹಾಕಿದ ಕಲ್ಲನ್ನೂ ಒಂದೇ ಸಾಲಿಗೆ ನಿಲ್ಲಿಸುತ್ತದೆ.

ವರದಿಗಾರನೂ ಕಾಯಿಪಲ್ಲೆ ಅಂಗಡಿಯ ಅಕ್ಕನೂ ಆಡುವ ಮಾತು ಕೇಳಿ:

"ಏನಾತು ಅಕ್ಕಾ?"

"ಏನಾಗೂದೈತಿ ತಮ್ಮಾ, ಮುಂಜಾನೆ ಗಾಡಿ ತಗೊಂಡು ಬಂದ್ರು, ಎಬ್ಬಿಸಿದ್ರು. ತಕ್ಕಡಿನೂ ಒಯ್ದ್ರು. ಮೆಂತೆಪಲ್ಲೆ ಅಲ್ಲೇ ತುಳದ್ರು ನೋಡು."

ಇಷ್ಟು ಕೇಳಿಸಿಕೊಂಡು ಬಂದ ಹುಡುಗ ಬರೆಯುವುದೇನು? "ನಗರದಲ್ಲಿ ಅನಧಿಕೃತ ವ್ಯಾಪಾರಿಗಳ ತೆರವು ಕಾರ್ಯಾಚರಣೆ ನಡೆಸಲಾಯಿತು." ಆಕೆಯ ಬಾಯಲ್ಲಿ ಮೂರು ಕ್ರಿಯಾಪದಗಳಿದ್ದವು: ಎಬ್ಬಿಸು, ಒಯ್ಯು, ತುಳಿ. ಮೂರಕ್ಕೂ ಮಾಡಿದವರು ಇದ್ದರು. ವರದಿಯಲ್ಲಿ ಉಳಿದದ್ದು ಮಾಡಿದವರೇ ಇಲ್ಲದ "ನಡೆಸಲಾಯಿತು". ನಾನು ಇಂಥಲ್ಲಿ ತಿದ್ದುವುದು ಹೀಗೆ: "ನಗರಸಭೆ ಸಿಬ್ಬಂದಿ ಸಂತೆ ರಸ್ತೆಯ ಅಂಗಡಿಗಳನ್ನು ತೆರವುಗೊಳಿಸಿ, ವ್ಯಾಪಾರಿಗಳನ್ನು ಎಬ್ಬಿಸಿದರು. ತಕ್ಕಡಿಗಳನ್ನು ಜಪ್ತಿ ಮಾಡಿದರು." ಅಂಗಡಿಗೆ ಒಂದು ಪದ, ಆಳಿಗೆ ಒಂದು ಪದ, ತಕ್ಕಡಿಗೆ ಇನ್ನೊಂದು.

ಇದು ಬರೀ ಭಾಷೆಯ ಶಿಸ್ತಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಎಬ್ಬಿಸುವುದನ್ನೂ ಬೇರೆ ಕಡೆ ಜಾಗ ಕೊಡುವುದನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ, ಎರಡಕ್ಕೂ 30 ದಿನ ಮೊದಲು ನೋಟಿಸ್ ಕೊಡಬೇಕು ಎನ್ನುತ್ತದೆ. ಜಪ್ತಿ ಮಾಡಿದ ಮಾಲಿಗೂ ಲೆಕ್ಕ ಇದೆ. ಕೆಡುವಂಥ ಮಾಲನ್ನು, ಅಂದರೆ ಕಾಯಿಪಲ್ಲೆ ಹಣ್ಣುಗಳನ್ನು, ವ್ಯಾಪಾರಿ ಕೇಳಿದ ದಿನವೇ ಮರಳಿಸಬೇಕು. ಕೆಡದ ಮಾಲಿಗೆ ಎರಡು ಕೆಲಸದ ದಿನಗಳ ಗಡುವು. ಮನವಿಯಲ್ಲಿ "ನಮ್ಮನ್ನು ತೆರವು ಮಾಡಿದ್ದಾರೆ" ಎಂದು ಬರೆದರೆ ಓದುವ ಅಧಿಕಾರಿಗೆ ನೋಟಿಸ್ಸಿನ ಪ್ರಶ್ನೆ ಹೊಳೆಯುವುದೇ ಇಲ್ಲ. "ನೋಟಿಸ್ ಕೊಡದೆ ನಮ್ಮನ್ನು ಎಬ್ಬಿಸಿದ್ದಾರೆ, ತಕ್ಕಡಿ ಜಪ್ತಿ ಮಾಡಿದ್ದಾರೆ" ಎಂದು ಬರೆದರೆ ಎರಡು ತಕರಾರುಗಳು ಎರಡಾಗಿಯೇ ಕಾಣುತ್ತವೆ.

ಬಾಡಿಗೆ ಮನೆಯ ವಿಷಯದಲ್ಲಿ ನಮ್ಮ ಜನ ಆಗಲೇ ಸರಿಯಾದ ಪದ ಹುಡುಕಿಕೊಂಡಿದ್ದಾರೆ: ಖಾಲಿ ಮಾಡಿಸು. "ಮಾಲಕರು ಮನಿ ಖಾಲಿ ಮಾಡಸಾಕ ಹತ್ಯಾರ." ಮನೆ ಖಾಲಿಯಾಗಬೇಕು, ಖಾಲಿ ಮಾಡುವವನು ಬಾಡಿಗೆದಾರನೇ, ಮಾಡಿಸುವವನು ಮಾಲೀಕ. ಮೂರೂ ಎರಡೇ ಶಬ್ದದಲ್ಲಿ ಬಂದವು. ಸಾಮಾನನ್ನು ಬೀದಿಗೆ ಎಸೆದಿದ್ದರೆ ಮಾತ್ರ "ಹೊರಹಾಕಿದರು" ಎಂದು ಬರೆಯಿರಿ. ಬೀಗ ಬದಲಿಸಿದ್ದರೆ "ಬೀಗ ಬದಲಿಸಿದರು" ಎಂದೇ ಬರೆಯಿರಿ, ಅದಕ್ಕಿಂತ ಗಟ್ಟಿ ಪದ ಬೇಡ.

ಒಕ್ಕಲೆಬ್ಬಿಸು ಎಂಬ ಭಾರದ ಪದ

ನಮ್ಮ ಕಡೆ "ಏನ್ ಉದ್ಯೋಗ ಮಾಡ್ತೀರಿ?" ಎಂದರೆ "ಒಕ್ಕಲತನರೀ" ಎಂಬ ಉತ್ತರ ಬರುತ್ತದೆ. ಒಕ್ಕಲು ಎಂದರೆ ನೆಲ ನಂಬಿ ಕೂತ ಕುಟುಂಬ. ಅದನ್ನು ಎಬ್ಬಿಸುವುದು ಒಕ್ಕಲೆಬ್ಬಿಸುವುದು. ಮನೆ, ಹೊಲ, ದನದ ಕೊಟ್ಟಿಗೆ, ಬಾವಿ, ನೆರೆಹೊರೆ ಎಲ್ಲದರಿಂದ ಒಟ್ಟಿಗೆ ಕೀಳುವುದು. ಈ ಪದ ಹೆಚ್ಚು ಕೇಳಿಬಂದದ್ದು ಗೇಣಿ ಜಮೀನಿನ ಕಾಲದಲ್ಲಿ. ಉಳುವವನಿಗೇ ಭೂಮಿ ಸಿಗುವಂತೆ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿದಾರರ ದೊಡ್ಡ ಭಯವೇ ಒಕ್ಕಲೆಬ್ಬಿಸುವುದು.

ಇಂಥ ಪದವನ್ನು ಫ್ಲ್ಯಾಟ್ ಬಾಡಿಗೆದಾರನಿಗೆ ಬಳಸಿದರೆ ಸವಕಳಿ. ಹಾಸ್ಟೆಲಿನಿಂದ ವಿದ್ಯಾರ್ಥಿಗಳನ್ನು "ಒಕ್ಕಲೆಬ್ಬಿಸಿದರು" ಎಂದು ಒಬ್ಬರು ಬರೆದಿದ್ದರು. ಮೂರು ವರ್ಷ ಇದ್ದು ಹೋಗುವವರು ಎಲ್ಲಿಯ ಒಕ್ಕಲು? ಆದರೆ ಅರಣ್ಯ, ಅಣೆಕಟ್ಟು, ಕೈಗಾರಿಕಾ ಪ್ರದೇಶ ಎಂದು ಊರಿಗೆ ಊರನ್ನೇ ಖಾಲಿ ಮಾಡಿಸುವಾಗ ಇದನ್ನು ಬಿಟ್ಟು "ಸ್ಥಳಾಂತರ" ಎಂದು ಬರೆಯುವುದು ನನಗೆ ಒಪ್ಪಿಗೆ ಇಲ್ಲ. ಬಸ್ ನಿಲ್ದಾಣ ಸ್ಥಳಾಂತರವಾಗುತ್ತದೆ, ತಹಶೀಲ್ದಾರ್ ಕಚೇರಿ ಸ್ಥಳಾಂತರವಾಗುತ್ತದೆ. ಜನ ಸ್ಥಳಾಂತರವಾಗುವುದು ಅವರೇ ಹೋದಾಗ.

ಮುಳುಗಡೆ: ದಬ್ಬಿದವನೇ ಇಲ್ಲದ ಮಾತು

ಬಾಗಲಕೋಟೆಯವರಿಗೆ ಈ ವಿಷಯದಲ್ಲಿ ತಮ್ಮದೇ ಒಂದು ಪದ ಇದೆ. ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನೀರು ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಲ್ಲುವಂತಾದಾಗ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲಕ್ಕೆ ಸರಿದು ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ಬಂತು. ಜನ ಅವರಿಗಾಗಿ ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದರು. ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ 524.256 ಮೀಟರ್‌ಗೆ ಒಪ್ಪಿದ ಮೇಲೆ ಇನ್ನಷ್ಟು ಊರು, ಇನ್ನಷ್ಟು ಹೊಲಗಳ ಮಾತು ನಡೆದೇ ಇದೆ.

ಇದನ್ನೆಲ್ಲ ನಮ್ಮವರು ಹೇಳುವುದು ಒಂದೇ ಮಾತಿನಲ್ಲಿ: "ನಮ್ಮ ಮನಿ ಮುಳುಗಡಿ ಆತು." ಮುಳುಗಿಸಿದರು ಎನ್ನುವುದು ಅಪರೂಪ. ಮುಳುಗು ಎಂಬುದಕ್ಕೆ ಕರ್ಮ ಬೇಕಿಲ್ಲ, ಮಾಡಿದವನೂ ಬೇಕಿಲ್ಲ. ಹಳೆ ಊರಿನ ಹಿರಿಯರು ಮಾತಿಗೆ ಕೂತರೆ "ನಮ್ಮನ್ನ ಯಾರೂ ದಬ್ಬಲಿಲ್ಲಪಾ. ನೀರು ಬಂತು, ಎದ್ದು ಬಂದ್ವಿ" ಎನ್ನುತ್ತಾರೆ. ಎದ್ದು ಬಂದ್ವಿ! ಎಬ್ಬಿಸು ಎಂಬುದರ ಮೂಲರೂಪ ಏಳು. ದಬ್ಬಿಸಿಕೊಂಡವರು ತಮ್ಮ ಮರ್ಯಾದೆಗೆ ಏಳು ಎಂಬುದನ್ನು ಇಟ್ಟುಕೊಂಡಿದ್ದಾರೆ; ನೋಡುತ್ತಾ ನಿಂತವರು ಎಬ್ಬಿಸು ಎಂದು ಬರೆಯಬೇಕಾಗುತ್ತದೆ. ಎರಡೂ ಸುಳ್ಳಲ್ಲ. ಹಾಗಾಗಿ ಅವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗೇ ಇಡಿ, ನಿಮ್ಮ ವಾಕ್ಯದಲ್ಲಿ ಮಾತ್ರ ಯಾರ ಯೋಜನೆಗಾಗಿ ಯಾರ ಜಮೀನು ಸ್ವಾಧೀನವಾಯಿತು ಎಂದು ಬಿಡಿಸಿ ಬರೆಯಿರಿ.

ಪುನರ್ವಸತಿ ಎಂಬುದು ಎಬ್ಬಿಸಿದ ನಂತರದ ಮಾತು, ಎಬ್ಬಿಸುವುದಕ್ಕೆ ಬದಲಿ ಪದ ಅಲ್ಲ. "ಗ್ರಾಮಸ್ಥರನ್ನು ಪುನರ್ವಸತಿಗೊಳಿಸಲಾಯಿತು" ಎಂದು ಬರೆಯುವ ಮುಂಚೆ ಅಲ್ಲಿ ಹಕ್ಕುಪತ್ರ, ನೀರು, ಶಾಲೆ ಬಂದಿವೆಯೇ ಎಂದು ಒಮ್ಮೆ ಕೇಳಬೇಕು. ನಿವೇಶನ ಸಂಖ್ಯೆ ಒಂದನ್ನೇ ಕೊಟ್ಟಿದ್ದರೆ "ನಿವೇಶನ ಹಂಚಿದರು" ಎಂದರೆ ಸಾಕು.

ಗುಳೆ ಕೂಡ ಇದೇ ಜಾತಿಯದು. ವಿಜಯಪುರ ಜಿಲ್ಲೆಯ ಹಳ್ಳಿ, ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋಗುವುದನ್ನು ಗುಳೆ ಹೋಗುವುದು, ಗುಳೆ ಏಳುವುದು ಎನ್ನುತ್ತಾರೆ. ಅಟ್ಟಿದ್ದು ಬರಗಾಲ, ಸಾಲ. ವಾಕ್ಯದಲ್ಲಿ ಎರಡೂ ಕಾಣುವುದಿಲ್ಲ. ಇದನ್ನು "ವಲಸೆ" ಎಂದು ತಿದ್ದಬೇಡಿ. ವಲಸೆ ಹೋದವನು ಅಲ್ಲೇ ನಿಲ್ಲಬಹುದು. ಗುಳೆ ಹೋದವನ ಮನೆ, ಮುದುಕರು, ಎಷ್ಟೋ ಸಲ ಶಾಲೆಗೆ ಹೋಗುವ ಮಕ್ಕಳು ಇಲ್ಲೇ ಇರುತ್ತಾರೆ, ಮಳೆಗಾಲಕ್ಕೆ ಅವನು ಬರುತ್ತಾನೆ.

ಎಲ್ಲಿಂದ, ಎಲ್ಲಿಗೆ: ಹೊರಹಾಕು, ಅಟ್ಟು, ಓಡಿಸು

ಹೊರಹಾಕು ಎಂಬುದಕ್ಕೆ ಎಲ್ಲಿಂದ ಎಂಬ ಮಾತು ಬೇಕು. ಮನೆಯಿಂದ, ಸಭೆಯಿಂದ, ತರಗತಿಯಿಂದ. ಅಟ್ಟು ಎಂಬುದು ಎಲ್ಲಿಗೆ ಎಂದು ಕೇಳುತ್ತದೆ. ಕೈಕೇಯಿ ರಾಮನನ್ನು ಕಾಡಿಗಟ್ಟಿದಳು. ಪೊಲೀಸರು ಕಳ್ಳನನ್ನು ಜೈಲಿಗಟ್ಟಿದರು. "ಅರಮನೆಯಿಂದ ಅಟ್ಟಿದಳು" ಎಂದರೆ ಕಿವಿಗೆ ಏನೋ ಕೊರತೆ, ವಾಕ್ಯ ಮುಂದಕ್ಕೆ ಹೋಗಬೇಕು ಅನ್ನಿಸುತ್ತದೆ. ಹೊರಗಟ್ಟು ಎಂದು ಜೋಡಿಸಿಕೊಂಡರೆ ಆ ಕೊರತೆ ನೀಗುತ್ತದೆ, ಯಾಕೆಂದರೆ ಹೊರಗೆ ಎಂಬುದೇ ಎಲ್ಲಿಗೆ ಎಂಬುದಕ್ಕೆ ಉತ್ತರ. ಹೊರಹಾಕು, ಹೊರಗಟ್ಟು ಎರಡರಲ್ಲಿ ಹೊರಗಟ್ಟು ಕಟುವಾದದ್ದು. ಅದರಲ್ಲಿ ಹಿಂದೆ ಬಿದ್ದು ಓಡಿಸುವ ಛಾಯೆ ಇದೆ.

ಓಡಿಸು ಎರಡನ್ನೂ ಕೇಳುವುದಿಲ್ಲ, ಕಣ್ಣಿಗೆ ಕಾಣದಷ್ಟು ದೂರ ಹೋದರೆ ಸಾಕು. ಹಿಂಗಾರಿ ಜೋಳ ತೆನೆ ಹಾಲುಗಟ್ಟುವಾಗ ಅಟ್ಟದ ಮೇಲೆ ನಿಂತು ಕವಣೆ ಬೀಸುವ ಹುಡುಗ ಹಕ್ಕಿಗಳನ್ನು ಓಡಿಸುತ್ತಾನೆ. ಅವು ಪಕ್ಕದವರ ಹೊಲಕ್ಕೆ ಹೋದರೆ ಅದು ಪಕ್ಕದವರ ತಲೆನೋವು. ತೊಂದರೆ ಏನೆಂದರೆ ದಕ್ಷಿಣದ ಕನ್ನಡದಲ್ಲಿ ಬಸ್ಸನ್ನೂ ಓಡಿಸುತ್ತಾರೆ. ನಮ್ಮ ಕಡೆ ಬಂಡಿ, ದನ, ಟ್ರ್ಯಾಕ್ಟರ್ ಎಲ್ಲವನ್ನೂ ಹೊಡೆಯುತ್ತೇವೆ. "ದನಾ ಹೊಡಕೊಂಡು ಬಾ" ಎಂದರೆ ಬಡಿಗೆ ಎತ್ತಬೇಕು ಅಂತಲ್ಲ. ಬೆಂಗಳೂರಿನ ಓದುಗನಿಗೆ ಬರೆಯುವಾಗ ಇಲ್ಲಿ ಒಂದು ಕ್ಷಣ ನಿಲ್ಲಿ: "ದನಗಳನ್ನು ಹೊಡೆದುಕೊಂಡು ಹೋದರು" ಎಂಬ ಸಾಲು ಅವನಿಗೆ ಕಳ್ಳತನದಂತೆಯೂ ಕ್ರೌರ್ಯದಂತೆಯೂ ಕೇಳಬಹುದು.

ದಬ್ಬು, ನೂಕು, ದೂಡು, ತಳ್ಳು. ಇವುಗಳಲ್ಲಿ ಕೈ ಮೈಗೆ ತಾಗಬೇಕು. ಆಯ್ಕೆ ಹೆಚ್ಚಾಗಿ ಊರಿನ ರೂಢಿ. ನಮ್ಮಲ್ಲಿ ದಬ್ಬು, ನೂಕು ಹೆಚ್ಚು. ಕತ್ತು ಹಿಡಿದು ಹೊರದಬ್ಬುವುದು ನುಡಿಗಟ್ಟೇ ಆಗಿಹೋಗಿದೆ. ಯಾರೂ ಮೈಮುಟ್ಟದಿದ್ದಲ್ಲಿ ಇವನ್ನು ಬಳಸಬೇಡಿ, ನಾಳೆ ಸ್ಪಷ್ಟೀಕರಣ ಅಚ್ಚು ಹಾಕಬೇಕಾದೀತು.

ಇನ್ನು ತೊಲಗು. 1942ರ ಆಗಸ್ಟಿನಲ್ಲಿ ಬ್ರಿಟಿಷರಿಗೆ ಹೇಳಿದ್ದು "ಭಾರತ ಬಿಟ್ಟು ತೊಲಗಿ" ಎಂದು. ಹೋಗಿ ಎಂದಿದ್ದರೆ ವಿನಂತಿಯಾಗುತ್ತಿತ್ತು. ತೊಲಗು ಎಂಬುದರಲ್ಲಿ ತಿರಸ್ಕಾರ ಇದೆ, ಬೀಳ್ಕೊಡುಗೆ ಇಲ್ಲ. ಆದ್ದರಿಂದ ಅದು ಘೋಷಣೆಗೆ, ಜಗಳಕ್ಕೆ ಸರಿ. ವರದಿಯ ಸ್ವಂತ ಧ್ವನಿಗೆ ಸಲ್ಲದು. ತೊಲಗಿಸು ಎಂದಾದಾಗ ಮಾತ್ರ ಸಿಟ್ಟು ಇಳಿದು ಮೌಢ್ಯ, ದಾರಿದ್ರ್ಯ, ಕತ್ತಲೆ ಮುಂತಾದವುಗಳ ಜೊತೆ ಹೊಂದಿಕೊಳ್ಳುತ್ತದೆ.

ಕಚೇರಿ, ಪಕ್ಷ, ಪೊಲೀಸ್

ಇಲ್ಲಿ ರುಚಿಗೆ ತಕ್ಕ ಪದ ಆರಿಸುವ ಸ್ವಾತಂತ್ರ್ಯ ಇಲ್ಲ. ಪ್ರತಿ ಪದಕ್ಕೂ ಕಾನೂನಿನ ಬೆಲೆ ಇದೆ.

ಸರ್ಕಾರಿ ನೌಕರನ ವಿಷಯದಲ್ಲಿ ಅಮಾನತು ಶಿಕ್ಷೆಯೇ ಅಲ್ಲ. ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡುವುದು, ಜೀವನಾಧಾರ ಭತ್ಯೆ ಕೊಡುವುದು. ನೌಕರಿಯಿಂದ ತೆಗೆದುಹಾಕುವುದು ಶಿಕ್ಷೆ, ಆದರೆ ಮುಂದೆ ಬೇರೆ ಸರ್ಕಾರಿ ಕೆಲಸಕ್ಕೆ ಸೇರಲು ಅದು ಅಡ್ಡಿಯಾಗದು. ವಜಾ ಎಲ್ಲಕ್ಕಿಂತ ಕಠಿಣ: ಸಾಮಾನ್ಯವಾಗಿ ಮುಂದಿನ ಸರ್ಕಾರಿ ಸೇವೆಗೂ ಬಾಗಿಲು ಮುಚ್ಚುತ್ತದೆ. ರಾಜ್ಯದ 1957ರ ಶಿಸ್ತು ನಿಯಮಗಳು ಇವನ್ನು ಬೇರೆ ಬೇರೆಯಾಗಿ ಪಟ್ಟಿ ಮಾಡಿವೆ. ಶೀರ್ಷಿಕೆಯಲ್ಲಿ ಜಾಗ ಸಾಲದೆಂದು ಅಮಾನತಾದವನನ್ನು "ವಜಾ" ಮಾಡುವವರು ಒಬ್ಬನ ಹೊಟ್ಟೆಪಾಡನ್ನು ಎರಡು ಅಕ್ಷರಕ್ಕಾಗಿ ಕಳೆಯುತ್ತಾರೆ.

ಪಕ್ಷದಿಂದ ಕಳಿಸಿದರೆ ಉಚ್ಚಾಟನೆ. 2025ರ ಮಾರ್ಚ್‌ನಲ್ಲಿ ವಿಜಯಪುರ ನಗರದ ಶಾಸಕ ಬಸನಗೌಡ ಪಾಟೀಲ ಯತ್ನಾಳ ಅವರನ್ನು ಬಿಜೆಪಿ ಆರು ವರ್ಷಗಳ ಅವಧಿಗೆ ಉಚ್ಚಾಟಿಸಿತು. ಉಚ್ಚಾಟನೆಯಿಂದ ಶಾಸಕ ಸ್ಥಾನ ಹೋಗುವುದಿಲ್ಲ. ಉಚ್ಚಾಟಿತ ಶಾಸಕ ಎಂಬುದು ಸರಿ, ಮಾಜಿ ಶಾಸಕ ಎಂಬುದು ತಪ್ಪು. ಇದೇ ಪದ ಮಂತ್ರಶಾಸ್ತ್ರದ ಷಟ್ಕರ್ಮಗಳಲ್ಲೂ ಒಂದು: ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ. ರಾಜಕೀಯ ಪಕ್ಷಗಳು ಆ ಪಟ್ಟಿಯಿಂದ ಒಂದನ್ನೇ ಎತ್ತಿಕೊಂಡವು ಎಂದು ನಂಬುವುದು ಕಷ್ಟ! ಹಳ್ಳಿಯಲ್ಲಿ ಯಾರೂ ದೆವ್ವವನ್ನು ಉಚ್ಚಾಟಿಸುವುದಿಲ್ಲ, ಬಿಡಿಸುತ್ತಾರೆ. ಗಾಳಿ ಬಿಡಿಸು, ಚಟ ಬಿಡಿಸು, ಸಾಲಿ ಬಿಡಿಸು.

ಆ ಕೊನೆಯದನ್ನು ಗಮನಿಸಿ. "ಹುಡುಗೀನ ಸಾಲಿ ಬಿಡಿಸಿದ್ರು" ಎಂದರೆ ಬಿಡಿಸಿದ್ದು ಮನೆಯವರು. ಶಾಲೆಯವರೇ ಕಳಿಸಿದ್ದರೆ "ಶಾಲೆಯಿಂದ ಹೊರಹಾಕಿದರು". ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹಾಗೆ ಹೊರಹಾಕುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅಂದಮೇಲೆ ಯಾವ ಪದ ಬರೆಯುತ್ತೀರಿ ಎಂಬುದರ ಮೇಲೆ ಆರೋಪ ಯಾರ ಮೇಲೆ ಎಂಬುದು ನಿಂತಿದೆ.

ವಿಧಾನಸಭೆಯಿಂದ ಎರಡು ಬಗೆಯಲ್ಲಿ ಹೊರಗೆ ಹೋಗಬಹುದು, ಎರಡನ್ನೂ ಬೆರೆಸಬಾರದು. 2025ರ ಮಾರ್ಚ್‌ನಲ್ಲಿ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದ್ದು ಸದನ. ಮಾರ್ಷಲ್‌ಗಳು ಅವರನ್ನು ಹೊತ್ತುಕೊಂಡು ಹೊರಗೆ ಬಿಟ್ಟರು. ಮೊದಲನೆಯದು ನಿರ್ಣಯ, ಎರಡನೆಯದು ತೋಳ್ಬಲ. ಪುರಸಭೆ ಅಧ್ಯಕ್ಷರನ್ನು ಅವಿಶ್ವಾಸದಿಂದ ತೆಗೆದರೆ ಕೆಳಗಿಳಿಸಿದರು ಎಂದರೆ ಸಾಕು. ಪದಚ್ಯುತಿಯನ್ನು 1686ರಲ್ಲಿ ಔರಂಗಜೇಬನ ಮುಂದೆ ವಿಜಯಪುರದ ಸಿಂಹಾಸನ ಕಳೆದುಕೊಂಡ ಸಿಕಂದರ್ ಆದಿಲ್ ಶಾಹನಂಥವರಿಗೆ ಬಿಟ್ಟುಬಿಡೋಣ.

ಗಡಿಪಾರು ಎಂದರೆ ದೇಶ ಬಿಡಿಸುವುದು ಎಂದೇ ಹಲವರ ಭಾವನೆ. ಪೊಲೀಸ್ ಸುದ್ದಿಯಲ್ಲಿ ಅದರ ಅರ್ಥ ಜಿಲ್ಲೆಯ ಅಥವಾ ಗೊತ್ತುಪಡಿಸಿದ ಪ್ರದೇಶದ ಗಡಿ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಅಡಿ ಆಗುವ ಈ ಆದೇಶಕ್ಕೆ ಅವಧಿ ಇರುತ್ತದೆ, ಎರಡು ವರ್ಷ ಮೀರುವಂತಿಲ್ಲ. ಗಡಿಯಾಚೆಯ ಮರಾಠಿ ಪತ್ರಿಕೆಗಳ ತಡೀಪಾರ್ ಇದೇ. ಆದ್ದರಿಂದ ಎಲ್ಲಿಂದ, ಎಷ್ಟು ದಿನ ಎಂಬ ಎರಡು ವಿವರ ಇಲ್ಲದ ಗಡಿಪಾರು ಸುದ್ದಿ ಅರ್ಧ ಸುದ್ದಿ. ಊರಿನವರೇ ಸೇರಿ ಒಂದು ಕುಟುಂಬದ ಜೊತೆ ಮಾತುಕತೆ, ಕೊಡುಕೊಳ್ಳುವಿಕೆ ನಿಲ್ಲಿಸಿದರೆ ಅದು ಬಹಿಷ್ಕಾರ: ಅವರು ಊರಲ್ಲೇ ಇರುತ್ತಾರೆ, ಊರು ಅವರ ಪಾಲಿಗೆ ಇರುವುದಿಲ್ಲ.

ಮತದಾರರ ಪಟ್ಟಿಯದು ಸಣ್ಣ ಸಂಗತಿ, ಆದರೆ ಚುನಾವಣೆ ಬಂದಾಗಲೆಲ್ಲ ಮನವಿಗಳು ಇಲ್ಲೇ ಸಿಕ್ಕಿಬೀಳುತ್ತವೆ. ಹೆಸರು "ಬಿಟ್ಟುಹೋಗಿದೆ" ಎಂದರೆ ಮೊದಲಿಂದ ಸೇರಿರಲಿಲ್ಲ, ನಮೂನೆ 6 ತುಂಬಬೇಕು. "ತೆಗೆದುಹಾಕಿದ್ದಾರೆ" ಎಂದರೆ ಇತ್ತು, ಯಾರೋ ನಮೂನೆ 7ರಲ್ಲಿ ಆಕ್ಷೇಪಣೆ ಕೊಟ್ಟಿರಬಹುದು. "ಕೈಬಿಡಲಾಗಿದೆ" ಎಂಬುದು ಎರಡಕ್ಕೂ ಹೊಂದುತ್ತದೆ, ಅದಕ್ಕೇ ಮನವಿಯಲ್ಲಿ ಬೇಡ.

ಹಿಂಡು, ಒತ್ತು, ನುರಿಸು, ಕಕ್ಕಿಸು

ಜನರನ್ನು ಬಿಟ್ಟು ವಸ್ತುವಿಗೆ ಬಂದರೆ ಕನ್ನಡ ಇನ್ನೂ ನಿಖರವಾಗುತ್ತದೆ, ತಪ್ಪು ಮಾಡುವವರೂ ಕಡಿಮೆ. ಕುಸುಬಿ ತೆಗೆದುಕೊಳ್ಳಿ. ಗಾಣಕ್ಕೆ ಹಾಕಿದರೆ ಕುಸುಬಿ ಎಣ್ಣೆ ತೆಗೆಸುತ್ತೇವೆ. ಅದೇ ಕುಸುಬಿಯನ್ನು ನೆನೆಹಾಕಿ, ರುಬ್ಬಿ, ತೆಳು ಅರಿವೆಯಲ್ಲಿ ಗಂಟು ಕಟ್ಟಿ ತಿರುಚಿದರೆ ಹಾಲು ಹಿಂಡುತ್ತೇವೆ. ಬೆಲ್ಲ ಹಾಕಿ ಹುಗ್ಗಿ ಮಾಡಲು ಬೇಕಾಗುವುದು ಅದು. ಯಂತ್ರದಿಂದ ಬಂದರೆ ತೆಗೆ, ಕೈಯಿಂದ ಬಂದರೆ ಹಿಂಡು. ಎಮ್ಮೆಯನ್ನೂ ನಮ್ಮ ಕಡೆ ಹಿಂಡುತ್ತೇವೆ, ದಕ್ಷಿಣದವರು ಕರೆಯುತ್ತಾರೆ. ಎಣ್ಣೆ ಹೋದ ಮೇಲೆ ಗಾಣದಲ್ಲಿ ಉಳಿಯುವುದು ಹಿಂಡಿ, ದನಗಳಿಗೆ. ಆದರೆ ಹೊರಗಿನವರ ಮುಂದೆ "ರೊಟ್ಟಿ ಜೋಡಿ ಶೇಂಗಾ ಹಿಂಡಿ ತಿಂದ್ವಿ" ಎಂದು ಹೇಳುವ ಮುಂಚೆ, ಅದು ಚಟ್ನಿಪುಡಿ ಎಂದು ವಿವರಿಸಿಬಿಡುವುದು ಒಳ್ಳೆಯದು.

ಒತ್ತು ಎಂಬುದರಲ್ಲಿ ತೂತು ಇರುವ ಅಚ್ಚು ಬೇಕು: ಚಕ್ಕಲಿ ಒತ್ತುತ್ತಾರೆ. ಶಾವಿಗೆಯ ವಿಷಯದಲ್ಲಿ ಎಚ್ಚರ. ಅಚ್ಚಿನಿಂದ ಬಂದದ್ದು ಒತ್ತುಶಾವಿಗೆ. ನಮ್ಮ ಅಜ್ಜಿಯರು ಮಣೆಯ ಮೇಲೆ ಅಂಗೈಯಿಂದ ಎಳೆ ಎಳೆಯಾಗಿ ಇಳಿಸುತ್ತಿದ್ದದ್ದು ಹೊಸೆಯುವುದು, ಅದರಲ್ಲಿ ಒತ್ತಿ ಹೊರಬರಿಸುವ ಕೆಲಸವೇ ಇಲ್ಲ. ಕಬ್ಬಿಗೆ ಕಾರ್ಖಾನೆಯಲ್ಲಿ ನುರಿಸು, ಅರೆ ಎರಡೂ ನಡೆಯುತ್ತವೆ. ಮುಧೋಳ, ಮಹಾಲಿಂಗಪುರ ಕಡೆಯ ಬೆಲ್ಲದವರು ಗಾಣ ಎಂದೇ ಹೇಳುತ್ತಾರೆ. "ಕಬ್ಬು ಹಿಂಡುವ ಹಂಗಾಮು" ಎಂದು ಬರೆದರೆ ರೈತರು ನಗುತ್ತಾರೆ.

ಮೈಯಿಂದ ಹೊರಬರುವುದಕ್ಕೆ ಕಾರು, ಕಕ್ಕು, ಉಗುಳು ಮುಂತಾದವಿವೆ. ವೈದ್ಯಕೀಯ ಬರಹಕ್ಕೆ ವಾಂತಿ, ವಿಸರ್ಜನೆ. ಆದರೆ ವಿಸರ್ಜನೆ ಮೂತ್ರಕ್ಕೂ, ವಿಧಾನಸಭೆಗೂ, ಬೆಳಗಾವಿಯ ಕಪಿಲೇಶ್ವರ ಹೊಂಡದಲ್ಲಿ ಗಣಪತಿಗೂ ಸಲ್ಲುತ್ತದೆ. ಒಂದೇ ಪುಟದಲ್ಲಿ ಎರಡು ಬಾರದಂತೆ ನೋಡಿಕೊಂಡರೆ ಸರಿ. ಕಕ್ಕಿಸು ಎಂಬುದಕ್ಕೆ ದುಡ್ಡಿನ ಅರ್ಥವೂ ಇದೆ. "ತಿಂದಿದ್ದನ್ನ ಕಕ್ಕಿಸ್ತೀವಿ" ಎಂಬುದು ಭಾಷಣದ ಮಾತು. ವರದಿಗೆ ವಸೂಲಿ ಸಾಕು. "ಪೊಲೀಸರು ಆರೋಪಿಯ ಬಾಯಿ ಬಿಡಿಸಿದರು" ಎಂಬುದನ್ನು ನಾನು ಹೊಡೆದುಹಾಕುತ್ತೇನೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಿಗೆ ಬಳಸುವಂತಿಲ್ಲ. ಹಳೆ ಸಾಕ್ಷ್ಯ ಕಾಯ್ದೆಯಲ್ಲೂ ಇದೇ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೇ ಇದೆ. ಬಾಯಿ ಹೇಗೆ ಬಿಟ್ಟಿತು ಎಂದು ಗೊತ್ತಿಲ್ಲದ ನಾವು ಅದನ್ನು ಸಾಹಸದಂತೆ ಬರೆಯುವುದು ಸಲ್ಲ.

ಹೊರ ಇದ್ದರೂ ಬಲವಂತ ಇಲ್ಲದವು

ಆದೇಶ ಹೊರಡಿಸು ಎಂಬಲ್ಲಿ ಆದೇಶವನ್ನು ಯಾರೂ ದಬ್ಬುವುದಿಲ್ಲ. ಅಸಮಾಧಾನ ಹೊರಹಾಕು ಎಂಬಲ್ಲಿ ಹೊರಹಾಕುವವನು ಖುಷಿಯಿಂದಲೇ ಹೊರಹಾಕುತ್ತಾನೆ. ಇದು ಪತ್ರಿಕೆಗಳಲ್ಲಿ ಅತಿಯಾಗಿದೆ, "ಬೇಸರದಿಂದ ಹೇಳಿದರು" ಎಂದರೆ ನಡೆಯುತ್ತದೆ. ಆಲಮಟ್ಟಿಯ 26 ಗೇಟುಗಳಿಂದ ನೀರನ್ನು ಹೊರಬಿಡುತ್ತಾರೆ, ಹೊರಹಾಕುವುದಿಲ್ಲ. ಗೇಟು ಎತ್ತಿದರೆ ನೀರು ತಾನೇ ಹೋಗುತ್ತದೆ. ಮನೆಗೆ ನುಗ್ಗಿದ ನೀರನ್ನು ಪಂಪ್ ಹಚ್ಚಿ ತೆಗೆದರೆ ಮಾತ್ರ ಹೊರಹಾಕಿದರು. ಹೊರಗಿಡು ಎಂದರೆ ಒಳಗೆ ಬಿಡದೆ ಇರುವುದು, ಒಳಗಿದ್ದವನನ್ನು ತೆಗೆಯುವುದಲ್ಲ. ಹೊರಗಾಗು ಎಂಬುದನ್ನು ಶೀರ್ಷಿಕೆಯಲ್ಲಿ ಬಳಸುವ ಹುಡುಗರಿಗೆ ಒಂದು ಮಾತು: ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಒಮ್ಮೆ ಕೇಳಿ, ಆ ಪದಕ್ಕೆ ತಿಂಗಳ ಮುಟ್ಟಿನ ಅರ್ಥ ಇದೆ. "ತಂಡದಿಂದ ಹೊರಗುಳಿದ ನಾಯಕ" ಎಂದು ಬರೆದರೆ ಯಾರೂ ಮುಸಿಮುಸಿ ನಗುವುದಿಲ್ಲ.

ಬರೆಯುವ ರೀತಿ: ಹೊರಹಾಕು, ಹೊರದಬ್ಬು, ಹೊರಗಟ್ಟು ಒಂದೇ ಪದ, ನಡುವೆ ಜಾಗ ಬಿಡಬೇಡಿ. ಹೊರಗೆ ಹಾಕು ಎರಡು ಪದ, ಅರ್ಥವೂ ಸ್ವಲ್ಪ ಬೇರೆ. ಚಪ್ಪಲಿಯನ್ನು ಹೊರಗೆ ಹಾಕುತ್ತೇವೆ, ಅತಿಥಿಯನ್ನು ಹೊರಹಾಕುತ್ತೇವೆ.